ಚಕ್ರಕ್ಕೆ ಕೂಗುವ ಮಾತು

ಆಗಸ್ಟ್ 2, ಶನಿವಾರ

ಕ್ಲಾಸಿಗೆ ತಡ. ಕೋರ್ಟಿನಿಂದ ಹೊರಡುವ ಹೊತ್ತಿಗೆ ಸರಿಯಾಗಿ ಶಿರಸ್ತೇದಾರರು ಇನ್ನೊಂದು ಸಾಕ್ಷಿ ಹೇಳಿಕೆ ತಂದು ಟೇಬಲ್ ಮೇಲಿಟ್ಟರು. ಇಂಗ್ಲಿಷ್‌ಗೆ ಬೇಕಂತೆ, ಅರ್ಜೆಂಟ್ ಅಂತೆ. ಸೋಮವಾರ ಮಾಡುತ್ತೇನೆ ಅಂದೆ. ವೇಲನ್ನು ಸ್ಕೂಟರ್ ಡಿಕ್ಕಿಗೆ ತುರುಕಿ ಸಾಲಗಾಮೆ ರಸ್ತೆಗೆ ಓಟ. ಕೆಳಗೆ ಫರ್ನಿಚರ್ ಅಂಗಡಿ, ಮೇಲಿನ ಹಾಲ್ ನಮ್ಮದು. ವಾರ್ನಿಷ್ ವಾಸನೆ ಮೆಟ್ಟಿಲುದ್ದಕ್ಕೂ.

ಚಕ್ರ ಆಗಲೇ ತಿರುಗುತ್ತಿತ್ತು.

ಅಮ್ಮನಿಗೆ ಯಾವತ್ತಾದರೂ ಹೇಳಬೇಕಾಗಿ ಬಂದರೆ ಹೇಗೆ ಹೇಳುವುದು ಅಂತ ವಾಪಸ್ ಬರುವಾಗ ಯೋಚಿಸಿದೆ. ಹೀಗೆ ಹೇಳಬಹುದು: ನಾಲ್ಕು ಜೋಡಿ ದುಂಡಗೆ ನಿಲ್ಲುತ್ತಾರಮ್ಮ. ಸಾಲ್ಸಾ ಹೆಜ್ಜೆ ಹಾಕುತ್ತಾರೆ. ಒಬ್ಬರು ಕೂಗುತ್ತಾರೆ. ಕೂಗಿದ್ದನ್ನು ಎಲ್ಲರೂ ಒಟ್ಟಿಗೆ ಮಾಡಬೇಕು, ತಿರುಗಬೇಕು, ಜೋಡಿ ಬದಲಿಸಬೇಕು. ಕ್ಯೂಬಾ ದೇಶದ್ದು. ರುಯೆದಾ ಅಂತ ಹೆಸರು, ಚಕ್ರ ಅಂತ ಅರ್ಥ. ಕೋಲಿಲ್ಲದ ಕೋಲಾಟ ಅಂದುಕೋ. ಕೂಗು ಮಾತ್ರ ಸ್ಪ್ಯಾನಿಷ್‌ನಲ್ಲಿ... ಇಷ್ಟು ಹೇಳುವಷ್ಟರಲ್ಲಿ ಅಮ್ಮ ‘ಜೋಡಿ’ ಅನ್ನುವಲ್ಲೇ ನಿಂತಿರುತ್ತಾಳೆ.

ಈಗ ಹೇಳಿರುವುದು ಏರೋಬಿಕ್ಸ್ ಅಂತ. ಪೂರ್ತಿ ಸುಳ್ಳಲ್ಲ. ಬೆವರು ಬರುತ್ತದೆ.

ಇವತ್ತು ಕೇದಾರ್ ಎರಡು ಸಲ ನನ್ನ ಕಾಲು ತುಳಿದ. ಬ್ಯಾಂಕಿನ ಕೆಲಸದವನು, ನಗುಮುಖದ ಹುಡುಗ, ತುಳಿದ ಮೇಲೆ “ಸಾರಿ ಹಂಸಕ್ಕ” ಅನ್ನುತ್ತಾನೆ, ಮತ್ತೆ ತುಳಿಯುತ್ತಾನೆ. ಮಾಸ್ಟರ್ ಬೈಯಲಿಲ್ಲ. “ಲಿಸನ್ ಟು ದಿ ಕಾಲ್, ಸರ್. ಕಿವಿ ಮೊದಲು, ಕಾಲು ಆಮೇಲೆ.”

ಮಾಸ್ಟರ್ ಅಂದರೆ ಅರುಣ್‌ಕುಮಾರ್. ನನಗಿಂತ ಚಿಕ್ಕವರು. ಇಲ್ಲೇ ಹಾಸನ ಜಿಲ್ಲೆಯ ದಂಡಿಗನಹಳ್ಳಿ ಕಡೆಯವರು, ದುಬೈನಲ್ಲಿ ವರ್ಷಗಟ್ಟಲೆ ಇದ್ದು ಬಂದವರು. ಕ್ಲಾಸಿನಲ್ಲಿ ಅರ್ಧ ಇಂಗ್ಲಿಷ್, ಅರ್ಧ ಟಿವಿ ಕನ್ನಡ. ಒಂದೊಂದು ಪದವನ್ನೂ ತೆಂಗಿನಕಾಯಿಯ ಹಾಗೆ ತಟ್ಟಿ ನೋಡಿ ಆಡುತ್ತಾರೆ. ಸ್ಪ್ಯಾನಿಷ್ ಕೂಗು ಮಾತ್ರ ನೀರು ಹರಿದ ಹಾಗೆ.

ಆಗಸ್ಟ್ 6, ಬುಧವಾರ

ಕೇದಾರ್ ಕೇಳಿದ, “ಮಾಸ್ಟರ್, ದಿಲೆ ಕೆ ನೋ ಅಂದ್ರೆ ಏನು?”

“ಮೀನಿಂಗ್ ಬೇಡ ಸರ್. ಮೂವ್ ಮಾಡಿ.”

ಮನೆಗೆ ಬಂದು ನಾನೇ ಹುಡುಕಿದೆ. ಚಟ. ಇಡೀ ದಿನ ತರ್ಜುಮೆ ಮಾಡುವವಳಿಗೆ ಅರ್ಥವಿಲ್ಲದ ಪದ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ.

ದಾಮೆ: ನನಗೆ ಕೊಡು. ಎಂಚುಫ್ಲಾ: ಪ್ಲಗ್ ಹಾಕು (!). ದಿಲೆ ಕೆ ನೋ: ಆಗಲ್ಲ ಅಂತ ಹೇಳು. ಸೊಂಬ್ರೆರೋ: ಟೋಪಿ. ಅಂದರೆ ಇಷ್ಟು ತಿಂಗಳು ಒಬ್ಬರಿಗೊಬ್ಬರು ಟೋಪಿ ಹಾಕುತ್ತಾ ಬಂದಿದ್ದೇವೆ. ಹೊರಡುವಾಗ ಹೇಳುವ ಅದಿಯೋಸ್‌ಗೆ ಕನ್ನಡ ಸಿಗಲಿಲ್ಲ. ನಮ್ಮಲ್ಲಿ ‘ಹೋಗ್ತೀನಿ’ ಅನ್ನುವ ಹಾಗಿಲ್ಲ, ‘ಬರ್ತೀನಿ’ ಅನ್ನಬೇಕು. ಹೋಗುವುದನ್ನೇ ಬರುವುದು ಅನ್ನುವ ಜನ ನಾವು.

ಎಲ್ಲವೂ ಏಕವಚನ. ಕೊಡು, ಹಾಕು, ಹೇಳು. ಚಕ್ರದಲ್ಲಿ ‘ನೀವು’ ಇಲ್ಲ.

ಆಗಸ್ಟ್ 23, ಶನಿವಾರ

ಮಾಸ್ಟರ್ ದನಿ ಒಡೆದು ಎರಡು ವಾರವಾಯಿತು. ಶುಂಠಿ ಕಷಾಯ, ಜೇನುತುಪ್ಪ, ಮಫ್ಲರ್ ಎಲ್ಲ ಆಯಿತು. ಇವತ್ತು ಹಾಡು ಜೋರಾಗಿತ್ತು, ಕೂಗಲು ಬಾಯಿ ತೆರೆದರು. ಗಾಳಿ ಬಂತು, ದನಿ ಬರಲಿಲ್ಲ. ಚಕ್ರ ಹಾಗೇ ನಿಂತಿತು. ನಿಖಿತಾ—ಇಂಜಿನಿಯರಿಂಗ್ ಹುಡುಗಿ—ಹೋಗಿ ಹಾಡು ನಿಲ್ಲಿಸಿದಳು.

ಮೈಸೂರಿನಲ್ಲಿ ತೋರಿಸಿದ್ದಾರಂತೆ. ಗಂಟಲಿನ ತಂತುವಿನ ಮೇಲೆ ಗಂಟು. ಜಿಮ್ಮಿನಲ್ಲಿ, ಕ್ಲಾಸಿನಲ್ಲಿ ವರ್ಷಗಟ್ಟಲೆ ಕೂಗಿದ್ದರ ಫಲ. ಸೋಮವಾರ ಆಪರೇಷನ್. ಆಮೇಲೆ ಸ್ವಲ್ಪ ದಿನ ಒಂದಕ್ಷರ ಆಡಬಾರದು, ಪಿಸುಗುಟ್ಟುವುದೂ ಬೇಡ.

ನವೆಂಬರ್‌ನಲ್ಲಿ ಬೆಂಗಳೂರಿನ ಡ್ಯಾನ್ಸ್ ಫೆಸ್ಟಿವಲ್‌ಗೆ ನಮ್ಮ ಹೆಸರು ಹೋಗಿದೆ. ಯಾರು ಕೂಗುವುದು?

ಮೊಬೈಲ್ ನನ್ನ ಮುಂದೆ ಹಿಡಿದರು. ‘ಮೇಡಂ, ನಿಮಗೆ ವರ್ಡ್ಸ್ ಎಲ್ಲಾ ಗೊತ್ತು. ನೀವೇ ಕಾಲ್ ಮಾಡಿ.’

ನನಗೇ? ಕೋರ್ಟಿನಲ್ಲಿ ಇಷ್ಟು ವರ್ಷ ಇನ್ನೊಬ್ಬರ ಮಾತನ್ನು ಕಾಗದದ ಮೇಲೆ ಇಳಿಸಿದ್ದೇನೆ. ಜೋರಾಗಿ ಒಂದು ಮಾತು ಆಡಿಲ್ಲ.

ಒಪ್ಪಿಕೊಂಡೆ. ಯಾಕೋ ಗೊತ್ತಿಲ್ಲ.

ಆಗಸ್ಟ್ 30, ಶನಿವಾರ

ಕೆಟ್ಟದಾಗಿ ಆಯಿತು.

ಕೂಗು ಹೆಜ್ಜೆಗಿಂತ ಮುಂಚೆ ಬರಬೇಕು. ಎಂಟರ ಲೆಕ್ಕದಲ್ಲಿ ಮೊದಲ ಹೆಜ್ಜೆ ಬೀಳುವಷ್ಟರಲ್ಲಿ ಎಲ್ಲರ ಮೈಗೂ ಮುಟ್ಟಿರಬೇಕು. ನನ್ನ ಬಾಯಲ್ಲಿ ಸ್ಪ್ಯಾನಿಷ್ ಅಂದರೆ ಕೋರ್ಟಿನ ಅಮೀನ ನೋಟಿಸ್ ಓದಿದ ಹಾಗೆ. ಪೂರ್ತಿ ಶುದ್ಧ, ಪೂರ್ತಿ ತಡ. ನಿಖಿತಾಳ ಬಳೆ ಕೇದಾರ್ ಶರ್ಟಿಗೆ ಸಿಕ್ಕಿಕೊಂಡು ಗುಂಡಿ ಕಿತ್ತುಬಂತು.

ಸೆಪ್ಟೆಂಬರ್ 3, ಬುಧವಾರ

ಬೆಳಿಗ್ಗೆ ಒಂದು ಬದುವಿನ ಜಗಳದ ಸಾಕ್ಷಿ. ‘ಬುಡು ಬುಡು ಅಂದೆ ಸಾ, ಬುಡ್ಲಿಲ್ಲ, ಒಡ್ದೇಬುಟ್ಟ.’ ಇಂಗ್ಲಿಷ್‌ಗೆ ಇಳಿಸಿದರೆ ಒಂದು ಒಣ ವಾಕ್ಯ. ಬಿಡುವಂತೆ ಕೋರಿದರೂ ಆರೋಪಿಯು ಹಲ್ಲೆ ನಡೆಸಿದನು, ಅನ್ನುವಂಥದ್ದು. ಸಾಕ್ಷಿ ಯಾವತ್ತೂ ಯಾರನ್ನೂ ‘ಕೋರಿ’ರಲಾರ.

ಸಂಜೆ ಚಕ್ರದಲ್ಲಿ ಎರಡು ಜೋಡಿ ಢಿಕ್ಕಿ ಹೊಡೆಯುವುದರಲ್ಲಿದ್ದರು. ಸ್ಪ್ಯಾನಿಷ್ ನೆನಪಾಗಲಿಲ್ಲ. ಬಾಯಿಂದ ಬಂದದ್ದು: “ಬುಡು! ಬುಡ್ಲಾ ಅತ್ಲಾಗೆ!”

ಎಲ್ಲರೂ ಬಿಟ್ಟರು. ಸರಿಯಾದ ಹೊತ್ತಿಗೆ, ಒಂದೇ ಏಟಿಗೆ. ಆಮೇಲೆ ನಗು. ಕೇದಾರ್ ಹೊಟ್ಟೆ ಹಿಡಿದುಕೊಂಡು ಕೂತ. “ಹಂಸಕ್ಕ, ಇನ್ನೊಂದ್ಸಲ, ಪ್ಲೀಸ್!”

ಕೊಡ್ಲಾ. ತಿರುಗ್ಲಾ. ಟೋಪಿ ಆಕು. ಒಂದಾದ ಮೇಲೊಂದು ಬಂದವು. ಚಕ್ರ ಗಡಿಯಾರದ ಹಾಗೆ ತಿರುಗಿತು. ನನ್ನ ಮನೆಯ ‘ಬಿಡು, ಕೊಡು’ಗಿಂತ ಇವು ಚುರುಕು, ಚಾಟಿಯ ಹಾಗೆ. ಮಾಸ್ಟರ್ ಊರಲ್ಲಿದ್ದಾರೆ, ಗಂಟಲು ಮಾಯಲಿ ಅಂತ. ಬಂದಾಗ ತೋರಿಸಬೇಕು, ಖುಷಿಪಡುತ್ತಾರೆ.

ಸೆಪ್ಟೆಂಬರ್ 13, ಶನಿವಾರ

ಜನ ಜಾಸ್ತಿಯಾದರು. ಕನ್ನಡದಲ್ಲಿ ಕೂಗುತ್ತಾರಂತೆ ಅಂತ ಸುದ್ದಿ. ಡಾಕ್ಟರ್ ಗಂಗಾಂಬಿಕೆ ಸೇರಿದರು. ಹಲ್ಲಿನ ಡಾಕ್ಟರು, ಅರವತ್ತರ ಹತ್ತಿರ, ಹಾಸನದ ಅರ್ಧ ಊರಿನ ಬಾಯಿ ನೋಡಿದವರು. ಅವರಿಗೆ ‘ಕೊಡು’ ಅನ್ನಲು ನಾಲಿಗೆ ಹೊರಳಲಿಲ್ಲ. ‘ಕೊಡಿ’ ಅಂದೆ, ಚಕ್ರ ತಪ್ಪಿತು.

“ಏಕವಚನದಲ್ಲೇ ಕೂಗಮ್ಮ,” ಅಂದರು. “ನನ್ನನ್ನ ಯಾರಾದ್ರೂ ನೀನು ಅಂದು ಎಷ್ಟು ವರ್ಷ ಆಯ್ತೋ. ಅಮ್ಮ ಹೋದಮೇಲೆ ಇಲ್ಲ.”

ಕೂಗಿದೆ. “ಕೊಡು!” ಮುಖ ಅರಳಿತು ಅವರದು.

ಕೇದಾರ್ ರೀಲ್ ಮಾಡಿ ಹಾಕಿದ್ದಾನೆ. ನನ್ನ ಮುಖ ಹತ್ತಿರದಿಂದ, ‘ಟೋಪಿ ಆಕ್ಲಾ’ ಅನ್ನುವಾಗ. ಮೇಲೆ ‘ಹಾಸನದ ಹಳ್ಳಿ ಸಾಲ್ಸಾ’ ಅಂತ, ಜೊತೆಗೆ ನಗುವ ಮುಖಗಳ ಸಾಲು. ಸಾವಿರಾರು ಜನ ನೋಡಿದ್ದಾರಂತೆ. ಹಾಕಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಇನ್ನೂ ಎರಡು ಸಲ ನೋಡಿದೆ.

ಸೆಪ್ಟೆಂಬರ್ 17, ಬುಧವಾರ

ಮಾಸ್ಟರ್ ಬಂದಿದ್ದರು. ಗೋಡೆಗೆ ಒರಗಿ ಕೂತು ನೋಡಿದರು. ನಾನು ಎಂದಿಗಿಂತ ಚೆನ್ನಾಗಿ ಕೂಗಿದೆ. ಅವರು ನಗುತ್ತಾರೆ ಅಂತ ಕಾದೆ. ಹಾಡು ಮುಗಿಯಿತು. ನಗಲಿಲ್ಲ. ಎದ್ದು ಮೆಟ್ಟಿಲಿಳಿದು ಹೋದರು.

ಓಡಿದೆ ಹಿಂದೆ. ಫರ್ನಿಚರ್ ಅಂಗಡಿ ಮುಂದೆ ನಿಂತಿದ್ದರು, ಬೈಕಿನ ಮೇಲೆ ಕೈಯಿಟ್ಟು.

“ಏನಾಯ್ತು ಮಾಸ್ಟರ್?”

ತಲೆ ಅಲ್ಲಾಡಿಸಿದರು. ಮೊಬೈಲ್ ತೆಗೆದು ಟೈಪ್ ಮಾಡತೊಡಗಿದರು. ಬಹಳ ಹೊತ್ತು. ನಾನು ನಿಂತೇ ಇದ್ದೆ. ಆಮೇಲೆ ನನ್ನ ಫೋನಿಗೆ ಬಂತು. ಇಂಗ್ಲಿಷ್ ಅಕ್ಷರದ ಕನ್ನಡ. ಎಲ್ಲೂ ಹಕಾರವಿಲ್ಲ. ಈ ಕನ್ನಡವನ್ನು ಅವರ ಬಾಯಿಂದ ನಾನು ಯಾವತ್ತೂ ಕೇಳಿರಲಿಲ್ಲ.

‘ನಮ್ ಮಾತು ನಿಮ್ಗೆ ಕಾಮಿಡಿ ಆಗೋಯ್ತಾ ಮೇಡಂ. ಕೋರ್ಟಲ್ಲಿ ನಮ್ಮಂತೋರ್ ಮಾತ್ನ ತಿದ್ತೀರಿ. ಇಲ್ಲಿ ಅದ್ನೇ ಆಡ್ಕಂಡ್ ನಗ್ತೀರಿ.’

“ಅಣಕಿಸಿದ್ದಲ್ಲ,” ಅಂದೆ. “ನಿಮ್ಮ ಮಾತು ಚುರುಕಾಗಿದೆ, ತಾಳಕ್ಕೆ ಕೂರುತ್ತೆ. ಅದಕ್ಕೇ...”

ಮತ್ತೆ ಟೈಪ್ ಮಾಡಿದರು.

‘ಅಂಗಾದ್ರೆ ಎಲ್ರೂ ಯಾಕ್ ನಗ್ತಿದ್ರು?’

ಬೈಕ್ ಹತ್ತಿ ಹೊರಟುಬಿಟ್ಟರು.

ಮೂರನೆಯದು ಮನೆಗೆ ಬಂದ ಮೇಲೆ ಬಂತು. ಉದ್ದ. ಇದ್ದ ಹಾಗೇ ಇಲ್ಲಿ ಬರೆದಿಡುತ್ತೇನೆ, ಅಕ್ಷರ ಮಾತ್ರ ಕನ್ನಡಕ್ಕೆ ತಂದು.

‘ದುಬೈಗೆ ಓದಾಗ ಇಂಗ್ಲಿಷೂ ಬರ್ತಿರ್ಲಿಲ್ಲ ಇಂದೀನೂ ಬರ್ತಿರ್ಲಿಲ್ಲ. ಜಿಮ್ ಬಾಗ್ಲಲ್ಲಿ ಟವಲ್ ಕೊಡೋ ಕೆಲ್ಸ. ರೂಮಲ್ಲಿ ಕನ್ನಡದೋರೇ ಇದ್ರು, ಬೆಂಗ್ಳೂರೋರು. ನಾನು ಬಾಯ್ ಬುಟ್ರೆ ನಗೋರು. ಇನ್ನೊಂದ್ಸಲ ಏಳೋ ಅನ್ನೋರು. ಮಾತಾಡೋದೇ ಬುಟ್ಟೆ. ಒಂದ್ ಸುಕ್ರವಾರ ಬೀಚಲ್ಲಿ ಈ ಚಕ್ರ ನೋಡ್ದೆ. ಫಿಲಿಪ್ಪೀನ್ಸೋರು, ಸಿರಿಯಾದೋರು, ಕೀನ್ಯಾದೋರು. ಯಾರ್ಗೂ ಆ ಬಾಸೆ ಸ್ವಂತದ್ದಲ್ಲ. ಎಲ್ರೂ ತಪ್ಪಾಗೇ ಕೂಗೋರು. ಅಲ್ಲಿ ನಾನ್ ಬಾಯ್ ಬುಟ್ಟಾಗ ಯಾರೂ ನಗ್ಲಿಲ್ಲ. ಅದ್ಕೇ ಸ್ಪ್ಯಾನಿಷ್ ಬೇಕು ನಂಗೆ. ಅದು ದೊಡ್ಡ ಬಾಸೆ ಅಂತಲ್ಲ.’



ಸೆಪ್ಟೆಂಬರ್ 21, ಭಾನುವಾರ, ಹೊಳೆನರಸೀಪುರ

ಮಹಾಲಯ ಅಮಾವಾಸ್ಯೆ, ಊರಿಗೆ ಬಂದೆ. ಅಪ್ಪ ತರ್ಪಣ ಮುಗಿಸಿ ದೇವಸ್ಥಾನಕ್ಕೆ ಹೋಗಿ ಮಧ್ಯಾಹ್ನ ಬಂದರು. ಊಟ ಮುಗಿಸಿದರು. ಕೈ ತೊಳೆದು ಬಂದು ಜಗಲಿಯಲ್ಲಿ ಕೂತು, “ಹಂಸ, ಬಾ ಇಲ್ಲಿ,” ಅಂದರು.

ರೀಲ್ ವಿಷಯ ಗೊತ್ತಾಗಿದೆ.  ಗಂಡಸರ ಕೈ ಹಿಡಿದು ಕುಣಿದದ್ದಕ್ಕೆ ಏನು ಅನ್ನುತ್ತಾರೋ ಅಂತ ಹತ್ತಿರ ಹೋಗಿ ಕೂತೆ.

“ಹಳೇಕೋಟೆ ರಂಗಣ್ಣ ಬಂದಿದ್ದ ಅರ್ಚನೆಗೆ,” ಅಂದರು. “‘ಏನ್ ಸಾಮಿ, ನಿಮ್ ಮಗಳು ನಮ್ಮಂಗೇ ಮಾತಾಡ್ತವ್ರೆ, ಪೋನಲ್ಲಿ ಬಂದದೆ, ನಮ್ಮನೆ ಉಡುಗ್ರೆಲ್ಲ ತೋರಿಸ್ಕಂಡ್ ನಗಾಡ್ತಿದ್ರು’ ಅಂದ. ನಗ್ತಾ ಹೇಳ್ದ. ಅವನ ನಗು ನನಗೆ ಗೊತ್ತಿಲ್ವೇ?”

“ಅಪ್ಪ, ಅದು—”

“ಅವನ ತಾತನ ಕಾಲದಿಂದ ಆ ಮನೆಯವರ ಗೋತ್ರ ನಕ್ಷತ್ರ ಕೇಳಿ ಅರ್ಚನೆ ಮಾಡ್ತಾ ಬಂದಿರೋದು ನಾವು. ಒಂದಿನ ಅವರ ಮಾತು ಆಡ್ಕೊಂಡಿದೀವಾ?”

“ಅಣಕಿಸಿದ್ದಲ್ಲ ಅಪ್ಪ.”

“ಮತ್ತಿನ್ನೇನು? ಮನೇಲಿ ಹಂಗೆ ಮಾತಾಡ್ತೀಯಾ? ನನ್ನನ್ನ ‘ಬುಡ್ಲಾ’ ಅಂತೀಯಾ?”

ಒಂದೇ ವಾರದಲ್ಲಿ ಇಬ್ಬರಿಂದ ಅದೇ ಮಾತು. ಇಬ್ಬರಿಗೂ ಅದೇ ಉತ್ತರ ಕೊಟ್ಟೆ, ಎರಡು ಸಲವೂ ನಿಲ್ಲಲಿಲ್ಲ.

ಅಮ್ಮ ಒಳಗಿಂದ ಬಂದಳು. “ಏರೋಬಿಕ್ಸ್ ಅಂದೆಯಲ್ಲೇ.”

ಅಪ್ಪ ಕೈಯೆತ್ತಿ ತಡೆದರು. “ಅದನ್ನ ನಾನು ಕೇಳಲ್ಲ ಲಕ್ಷ್ಮೀದೇವಿ.” ಎದ್ದು ಒಳಗೆ ಹೋದರು.

ಕೇಳಿದ್ದರೆ ಸುಲಭವಿತ್ತು.

ಅಕ್ಟೋಬರ್ 11, ಶನಿವಾರ

ಕ್ಲಾಸಿಗೆ ಹೋಗಿಲ್ಲ. ದಸರಾ ರಜೆ ಬಂತು, ಹೋಯಿತು. ಕೇದಾರ್‌ಗೆ ಹೇಳಿ ರೀಲ್ ತೆಗೆಸಿದೆ. ತಕ್ಷಣ ತೆಗೆದ ಪಾಪ, “ಯಾಕಕ್ಕ? ಅಷ್ಟು ಚೆನ್ನಾಗಿ ಓಡ್ತಿತ್ತು” ಅಂದ. ಬೇರೆಯವರು ಎತ್ತಿ ಹಾಕಿಕೊಂಡದ್ದು ಹಾಗೇ ಇದೆ. ಅದಕ್ಕೇನೂ ಮಾಡುವ ಹಾಗಿಲ್ಲ.

ಕೋರ್ಟಿನಲ್ಲಿ ಈಗ ಒಂದು ತೊಂದರೆ. ಹೇಳಿಕೆ ಓದುವಾಗ ಮುಖ ಕಾಣುತ್ತದೆ. ಮೊದಲು ಬರೀ ವಾಕ್ಯ ಕಾಣುತ್ತಿತ್ತು.

ಅಕ್ಟೋಬರ್ 15, ಬುಧವಾರ

ಹೋದೆ. ಎಲ್ಲರೂ ಬರುವ ಮುಂಚೆ. ಮಾಸ್ಟರ್ ಒಬ್ಬರೇ ನೆಲ ಒರೆಸುತ್ತಿದ್ದರು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತೆ.

“ತಪ್ಪಾಯ್ತು. ನಗಲಿ ಅಂತ ಕೂಗಲಿಲ್ಲ, ಆದರೆ ನಕ್ಕಾಗ ನಿಲ್ಲಿಸಲೂ ಇಲ್ಲ. ಖುಷಿಪಟ್ಟೆ.”

ಮಾಪನ್ನು ಬಕೆಟ್‌ನಲ್ಲಿ ಅದ್ದಿ ಹಿಂಡಿದರು. ದನಿ ಈಗ ಸ್ವಲ್ಪ ಬಂದಿದೆ. ಸಣ್ಣಗೆ, ಕಾಗದ ಹರಿದಂತೆ. “ಬಿಡಿ ಮೇಡಂ,” ಅಂದರು. ಬಿಡಿ. ಬುಡಿ ಅಲ್ಲ. ಹಳೆಯ ಎಚ್ಚರಿಕೆಗೇ ವಾಪಸ್.

ಆಮೇಲೆ ನನ್ನನ್ನು ಕನ್ನಡಿ ಮುಂದೆ ನಿಲ್ಲಿಸಿ ಸ್ಪ್ಯಾನಿಷ್ ಕಲಿಸಿದರು. ದನಿಯಿಲ್ಲದೆ, ತುಟಿಯಲ್ಲೇ. ಅವರ ತುಟಿ ನೋಡಿ ನಾನು ಕೂಗಬೇಕು. ದಾ ಮೇಲೆ ಒತ್ತು, ಮೆ ಬಿಟ್ಟುಬಿಡು. ಎಂಚು-ಫ್ಲಾ, ಕೊನೆಗೆ ಎಸೆಯಬೇಕು. ಅಷ್ಟೇ ಗುಟ್ಟು, ಇಷ್ಟು ದಿನ ತಿಳಿದಿರಲಿಲ್ಲ. ಕೋರ್ಟಿನವಳು ಪದವನ್ನು ಪೂರ್ತಿ ಉಚ್ಚರಿಸಲು ಹೋಗುತ್ತಿದ್ದೆ.

ಕ್ಲಾಸಿನಲ್ಲಿ ಕೇದಾರ್ ಕೇಳಿದ, “ಹಂಸಕ್ಕ, ಬುಡ್ಲಾ ಇಲ್ವಾ?”

“ಇಲ್ಲ.”

ಡಾಕ್ಟರ್ ಗಂಗಾಂಬಿಕೆ ಸಪ್ಪಗಾದರು. ಅವರು ಕಲಿತದ್ದೇ ಕನ್ನಡದಲ್ಲಿ.

ನವೆಂಬರ್ 9, ಭಾನುವಾರ, ರೈಲಿನಲ್ಲಿ

ಬೆಂಗಳೂರಿನಿಂದ ವಾಪಸ್. ಎದುರಿನ ಸೀಟಿನಲ್ಲಿ ಡಾಕ್ಟರ್ ನಿದ್ದೆ ಮಾಡುತ್ತಿದ್ದಾರೆ, ಅಥವಾ ಮಾಡುವ ಹಾಗೆ ಇದ್ದಾರೆ.

ನಿನ್ನೆ ನಮ್ಮ ಪ್ರದರ್ಶನ ಪರವಾಗಿಲ್ಲ. ಸ್ಪ್ಯಾನಿಷ್‌ನಲ್ಲಿ ಕೂಗಿದೆ. ಒಂದು ಕಡೆ ತಪ್ಪಿತು, ಯಾರಿಗೂ ಗೊತ್ತಾಗಲಿಲ್ಲ.

ಬರೆಯಬೇಕಾದದ್ದು ಆಮೇಲಿನದು. ಸಂಜೆ ಹುಲ್ಲುಹಾಸಿನ ಮೇಲೆ ಬಯಲು ಚಕ್ರ. ಯಾರು ಬೇಕಾದರೂ ಸೇರಬಹುದು. ಕೂಗುತ್ತಿದ್ದದ್ದು ಹವಾನಾದ ಒಬ್ಬಳು ದಪ್ಪ ಹೆಂಗಸು, ಬರಿಗಾಲು, ಗಂಟೆಯಂಥ ಗಂಟಲು. ನೋಡನೋಡುತ್ತಾ ಇಪ್ಪತ್ತು ಮೂವತ್ತು ಜೋಡಿ. ಕೊರಿಯಾದವರು, ಚೆನ್ನೈನವರು, ಫ್ರಾನ್ಸಿನ ಒಬ್ಬ ಮುದುಕ, ಶ್ರೀಲಂಕಾದ ಅಣ್ಣ ತಂಗಿ. ನಾವೂ ಸೇರಿದೆವು.

ಮೊದಲ ಕೂಗಿಗೇ ಡಾಕ್ಟರ್ ತಪ್ಪಿದರು. ಎರಡನೆಯದಕ್ಕೆ ಎದುರು ದಿಕ್ಕಿಗೆ ಹೋದರು. ನನ್ನ ಕಡೆ ನೋಡಿದರು, ಏನಂತೆ ಅದು ಅನ್ನುವ ಹಾಗೆ. ನಾನು ಮೂರು ಜೋಡಿ ಆಚೆ ಇದ್ದೆ. ಕೂಗಿ ಹೇಳುವಷ್ಟರಲ್ಲಿ ಚಕ್ರ ತಿರುಗಿತ್ತು. ಯಾರೂ ಬೈಯಲಿಲ್ಲ. ಒಬ್ಬ ಹುಡುಗ ಮೆಲ್ಲಗೆ ಕೈ ಹಿಡಿದು ಹೊರಗೆ ಬಿಟ್ಟ, ರಸ್ತೆ ದಾಟಿಸಿದ ಹಾಗೆ. ಅವರು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪರ್ಸ್ ಹಿಡಿದುಕೊಂಡು ಕೂತರು. ನನ್ನ ಬುಡ್ಲಾ ಕೊಡ್ಲಾ ಅವರನ್ನು ಹಾಸನದ ಹಾಲ್‌ನಾಚೆ ಎಲ್ಲಿಗೂ ಕರೆದೊಯ್ಯುವಂಥದ್ದಲ್ಲ.

ಮಾಸ್ಟರ್ ಚಕ್ರದಲ್ಲಿದ್ದರು. ಅವರು ಕೂಗಿಗೆ ಕುಣಿಯುವುದನ್ನು ನಾನು ನೋಡಿದ್ದೇ ಮೊದಲು. ಯಾವಾಗಲೂ ಕೂಗುವವರೇ ಅವರಾಗಿದ್ದರು. ತುಟಿ ಬಿಗಿದಿತ್ತು, ಉಳಿದ ಮೈಯೆಲ್ಲ ಮಾತಾಡುತ್ತಿತ್ತು. ಕೊರಿಯಾದ ಹುಡುಗಿ ಬಂದಳು, ಹೋದಳು, ಶ್ರೀಲಂಕಾದವಳು ಬಂದಳು, ಯಾರಿಗೂ ಇವರು ಯಾವ ಊರಿನವರು, ಯಾರ ಮಗ, ಎಷ್ಟು ಓದಿದವರು ಅಂತ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಬಾಯಿ ತೆರೆದರೆ ಹಾಸನದಲ್ಲಿ ಎರಡೇ ಪದಕ್ಕೆ ಹೋಬಳಿ ಸಮೇತ ಗೊತ್ತಾಗುತ್ತದೆ. ನನಗೂ ಗೊತ್ತಾಗುತ್ತದೆ. ಅವರದು ‘ಟಿವಿ ಕನ್ನಡ’ ಅಂತ ಈ ಪುಸ್ತಕದಲ್ಲೇ ಬರೆದಿದ್ದೇನೆ.

ಹಾಡು ಮುಗಿದಾಗ ಹವಾನಾದವಳು ಬಂದು ಅವರ ಬೆನ್ನು ತಟ್ಟಿ ಏನೋ ಕೇಳಿದಳು. ಗಂಟಲು ತೋರಿಸಿದರು, ಕೈಯಾಡಿಸಿದರು. ಅವಳು ತನ್ನ ಗಂಟಲು ಮುಟ್ಟಿಕೊಂಡು ಕಣ್ಣರಳಿಸಿದಳು. ಕೂಗುವವರ ಕಷ್ಟ ಕೂಗುವವರಿಗೆ.

ಈಗ ಅರಸೀಕೆರೆ ದಾಟಿತೇ? ಡಾಕ್ಟರ್ ಕಣ್ಣು ತೆರೆದು ಹೇಳಿದರು, “ಸ್ಪ್ಯಾನಿಷ್‌ನಲ್ಲೂ ಕಲಿಸಮ್ಮ. ಆದರೆ ಅರ್ಥ ಹೇಳಿ ಕಲಿಸು. ಗಿಣಿ ಆಗೋ ವಯಸ್ಸಲ್ಲ ನಂದು.”

ನವೆಂಬರ್ 22, ಶನಿವಾರ

ಮಾಸ್ಟರ್ ಮೈಸೂರಿಗೆ ಹೋಗಿ ಬಂದರು. ಗಾಯ ಮಾಯ್ದಿದೆ. ಮಾತಾಡಬಹುದು. ಕೂಗುವ ಹಾಗಿಲ್ಲ, ಯಾವತ್ತೂ. ಕೂಗಿದರೆ ಗಂಟು ಮತ್ತೆ ಬರುತ್ತದೆ, ಆ ಸಲ ಇದ್ದ ದನಿಯೂ ಹೋಗಬಹುದು.

ಬ್ಯಾಟರಿ ಮೈಕ್ ತರಿಸಿ ನೋಡಿದರು. ಹಾಡಿನ ಮುಂದೆ ಅವರ ಮಾತು ಸೊಳ್ಳೆಯ ಹಾಗೆ ಕೇಳಿಸಿತು. ಜೋರು ಮಾಡಿದರೆ ಕುಂಯ್ ಅಂತ ಕಿರುಚಿತು. ತೆಗೆದಿಟ್ಟರು. 

ಕ್ಲಾಸ್ ಮುಗಿದ ಮೇಲೆ ಕೇಳಿದರು, ಅರಕಲಗೂಡಿಗೆ ಬರ್ತೀರಾ ಅಂತ. ಅವರ ಅಕ್ಕ ಪುಟ್ಟಲಕ್ಷ್ಮಮ್ಮನನ್ನು ಅಲ್ಲಿಗೆ ಕೊಟ್ಟಿದ್ದಾರೆ. ಅವರ ಮಹಿಳಾ ಸಂಘದವರಿಗೆ ಭಾನುವಾರ ಬೆಳಿಗ್ಗೆ ಕಲಿಸಬೇಕಂತೆ. ಶುಂಠಿ ಕೀಳುವವರು, ಹೊಗೆಸೊಪ್ಪಿನ ಮನೆಯವರು, ಇಬ್ಬರು ಅಂಗನವಾಡಿ ಟೀಚರು.

“ಯಾವ ಭಾಷೆಯಲ್ಲಿ?” ಅಂದೆ.

“ನೋಡೋಣ ಮೇಡಂ.”

ಡಿಸೆಂಬರ್ 7, ಭಾನುವಾರ, ಅರಕಲಗೂಡು ಬಸ್ ಸ್ಟ್ಯಾಂಡ್

ಕಲ್ಲು ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹೊಳೆನರಸೀಪುರದ ಬಸ್ಸಿಗೆ ಇನ್ನೂ ಹೊತ್ತಿದೆಯಂತೆ.

ಕಲ್ಯಾಣ ಮಂಟಪದ ಊಟದ ಹಾಲ್. ಬೆಂಚು ಮೇಜು ಗೋಡೆಗೆ ಸರಿಸಿದ್ದರು. ಹೆಂಗಸರು ಬಂದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಬ್ಬರ ಹಿಂದೆ ಒಬ್ಬರು ಅಡಗಿಕೊಂಡು. ಗಂಡಸರು ಮಾಸ್ಟರ್ ಒಬ್ಬರೇ. ಹೆಂಗಸರೇ ಜೋಡಿ ಜೋಡಿಯಾಗಿ ನಿಂತರು.

ಮಾಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. ಕೈ ಒರೆಸಿಕೊಂಡರು ಪ್ಯಾಂಟಿಗೆ. ಗಾಬರಿಯಲ್ಲಿದ್ದರು, ಬೆಂಗಳೂರಿನಲ್ಲೂ ಇಲ್ಲದ ಗಾಬರಿ.

“ಇವತ್ತು ನಾನೇ ಮಾತಾಡ್ತೀನಿ,” ಅಂದರು, ಸಣ್ಣಗೆ. “ನನ್ ಮಾತು ಇಂದ್ಗಡೆಯೋರ್ಗೆ ಕೇಳ್ಸಕಿಲ್ಲ. ನೀವು ಜೋರಾಗ್ ಏಳಿ. ಆದ್ರೆ ನಾನ್ ಏಳ್ದಂಗೇ ಏಳ್ಬೇಕು ಮೇಡಂ. ತಿದ್‌ಬ್ಯಾಡಿ.”

ನಾನು ಅವರ ಮುಖ ನೋಡಿದೆ. ಎಚ್ಚರಿಕೆಯೆಲ್ಲ ಬಿಟ್ಟು ಬಂದಿದ್ದರು.

“ಆಮೇಲೆ ನಗಿಸಕ್ಕೂ ಓಗ್‌ಬ್ಯಾಡಿ.”

“ಇಲ್ಲ,” ಅಂದೆ.

ನಡುವೆ ನಿಂತರು. ಮೊದಲ ಮಾತು ಆಡಿದರು, ನಾನು ಅದನ್ನೇ ಜೋರಾಗಿ ಹೇಳಿದೆ. “ಯಾರೂ ಎದ್ರುಕಬ್ಯಾಡಿ. ತಪ್ಪಾದ್ರೆ ತಪ್ಪಾಗ್ಲಿ.” ನಾಲಿಗೆ ಹ ಹಾಕಲು ಹೊರಟಿತು, ತಡೆದೆ. ಇದು ರೀಲ್‌ನಲ್ಲಿ ಕೂಗಿದ್ದಕ್ಕಿಂತ ಕಷ್ಟ. ಅಲ್ಲಿ ನಾನು ಆಟ ಆಡಿದ್ದೆ. ಇಲ್ಲಿ ಎದುರಿಗೆ ಮೂವತ್ತು ಜೋಡಿ ಕಣ್ಣು, ಆ ಮಾತು ಅವರದೇ, ಸ್ವಲ್ಪ ಸುಳ್ಳಾದರೂ ತಿಳಿಯುತ್ತದೆ.

“ದಾಮೆ ಅಂದ್ರೆ ಕೊಡು ಅಂತ. ಕ್ಯೂಬಾದೋರ್ ಮಾತು. ಎರಡ್ನೂ ನೆಪ್ಪಲ್ಲಿ ಮಡೀಕಳಿ. ನಾಳೆ ಎಲ್ಗಾರಾ ಓದ್ರೆ ಬೇಕಾಯ್ತದೆ.”

“ಎಲ್ಗ್ ಓಗಾನ ನಾವು?” ಅಂತ ಯಾರೋ ಅಂದರು, ನಕ್ಕರು. ಈ ನಗು ಬೇರೆ. ಮಾಸ್ಟರ್ ಕೂಡ ನಕ್ಕರು.

ಮುಂದಿನ ಸಾಲಿನಿಂದ ಅಕ್ಕ ಪುಟ್ಟಲಕ್ಷ್ಮಮ್ಮ ನನ್ನನ್ನೇ ನೋಡುತ್ತಿದ್ದರು. ಗಟ್ಟಿ ಹೆಂಗಸು, ತಮ್ಮನ ಹಾಗೇ ಹುಬ್ಬು. ಕೇಳಿದರು, “ಯಾವೂರಮ್ಮ ನಿಂದು?”

“ಹೊಳೆನರಸೀಪುರ.”

“ದೇವಸ್ಥಾನದೋರಾ? ನಿಮ್ ಜನ ಇಂಗ್ ಮಾತಾಡಕಿಲ್ವಲ್ಲ. ನಮ್ಮಂಗೆ ಯಾಕ್ ಆಡ್ತಿದ್ದೀಯೆ?”

 ಮಾಸ್ಟರ್ ಬಾಯಿ ತೆರೆದರು, ನಾನು ಮುಂಚೆ ಹೇಳಿದೆ. ನನ್ನ ಮನೆಯ ಕನ್ನಡದಲ್ಲೇ.

“ನನ್ನ ಮಾತಲ್ಲ ಅಕ್ಕ ಇದು. ನಿಮ್ಮ ತಮ್ಮನ ಮಾತು. ಅವರು ಕೂಗೋ ಹಾಗಿಲ್ಲ, ಅದಕ್ಕೆ ನಾನು ಕೂಗ್ತಿದೀನಿ. ಒಂದಕ್ಷರ ಬದಲಾಯಿಸಬಾರದು ಅಂದಿದಾರೆ.”

ಪುಟ್ಟಲಕ್ಷ್ಮಮ್ಮ ತಮ್ಮನನ್ನು ನೋಡಿದರು. ನೋಡುತ್ತಲೇ ಇದ್ದರು. ದನಿಯ ವಿಷಯ ಅಕ್ಕನಿಗೆ ಪೂರ್ತಿ ಹೇಳಿರಲಿಲ್ಲ ಅಂತ ಕಾಣುತ್ತದೆ. ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ದನ ಗದರಿಸುವ ದನಿಯಲ್ಲಿ:

“ಅಂಗಾರೆ ಇನ್ನೂ ಜೋರಾಗ್ ಕೂಗು. ಇಂದ್ಗಡೆ ಏನೂ ಕೇಳ್ಸಕಿಲ್ಲ.”

ಕೂಗಿದೆ. ಇಷ್ಟು ಜೋರಾಗಿ ನಾನು ಹುಟ್ಟಿದ ಮೇಲೆ ಕೂಗಿಲ್ಲ. ಚಕ್ರ ಹೊರಟಿತು. ಅಂಕುಡೊಂಕು, ಒಬ್ಬರ ಮೇಲೊಬ್ಬರು, ಅಂಗನವಾಡಿ ಟೀಚರ್ ಒಬ್ಬರು ಬಿದ್ದೂ ಬಿದ್ದರು. ಆದರೆ ಹೊರಟಿತು. ಮಾಸ್ಟರ್ ಚಕ್ರದೊಳಗೆ ಸೇರಿಕೊಂಡರು, ಅಕ್ಕನ ಎದುರು. ಕುಣಿಯುತ್ತಲೇ ನನ್ನ ಕಡೆ ಮಾತು ಎಸೆಯುತ್ತಿದ್ದರು, ನಾನು ಹಿಡಿದು ಎತ್ತುತ್ತಿದ್ದೆ.

ಮುಂದಿನ ಭಾನುವಾರವೂ ಬರಬೇಕಂತೆ. ಅಮ್ಮನ ಹತ್ತಿರ ಕೂತು ಮೊದಲಿಂದ ಹೇಳಬೇಕು. ಅಪ್ಪನಿಗೂ. ಅವರು ಕೇಳದೆ ಬಿಟ್ಟದ್ದನ್ನು ನಾನೇ ಎತ್ತಿ ಹೇಳಬೇಕು, ಕೈ ಹಿಡಿದು ಕುಣಿಯುತ್ತೇನೆ ಅಂತ, ಬಿಡುವುದಿಲ್ಲ ಅಂತ. ಊಟಕ್ಕೆ ಮುಂಚೆಯೋ ಆಮೇಲೋ... ಮುಂಚೆಯೇ ಸರಿ, ಇಲ್ಲದಿದ್ದರೆ ಮತ್ತೆ ಎದ್ದು ಒಳಗೆ

ಬಸ್ಸು ಬಂತು. ಜನ ನುಗ್ಗುತ್ತಿದ್ದಾರೆ, ಸೀಟು